ಕನ್ಸಲ್ಟಿಂಗ್ ಕೆಲಸಕ್ಕಾಗಿ ಎಂಬಿಎ: ಯಾವ ಬಾಗಿಲು, ಎಷ್ಟು ಸಾಲ, ಯಾರಿಗೆ ಯಾವುದು?

ಆಗಸ್ಟ್‌ನಲ್ಲಿ ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆಗೆ ನೋಂದಣಿ ಶುರುವಾದರೆ ಸಾಕು, ನನಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಮೂರು ಮನಸ್ಸಿನಲ್ಲಿ ಕುಳಿತಿವೆ. ದಾವಣಗೆರೆಯ ಇಪ್ಪತ್ನಾಲ್ಕರ ಹುಡುಗನೊಬ್ಬ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾನೆ, ಸಂಬಳ ವರ್ಷಕ್ಕೆ ಎಂಟು ಲಕ್ಷ. ಮೈಸೂರಿನ ಇಪ್ಪತ್ತೊಂಬತ್ತರ ಹೆಣ್ಣುಮಗಳಿಗೆ ಆರು ವರ್ಷದ ಅನುಭವ, ಇಪ್ಪತ್ತೆಂಟು ಲಕ್ಷದ ಸಂಬಳ, ಮೂರು ವರ್ಷದ ಮಗು. ಮೂರನೆಯವನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ. ಅಪ್ಪನದು ಬಟ್ಟೆ ಅಂಗಡಿ, ಮನೆಯಲ್ಲಿ ಈವರೆಗೆ ಯಾರೂ ಬ್ಯಾಂಕಿನಿಂದ ಓದಿನ ಸಾಲ ತೆಗೆದಿಲ್ಲ. ಮೂವರ ಪ್ರಶ್ನೆಯೂ ಒಂದೇ: ಕನ್ಸಲ್ಟಿಂಗ್‌ಗೆ, ಅಂದರೆ ಕಂಪನಿಗಳಿಗೆ ಸಲಹೆ ಕೊಡುವ ಕೆಲಸಕ್ಕೆ ಹೋಗಬೇಕು, ಎಂಬಿಎ ಮಾಡಲೇ, ಎಲ್ಲಿ ಮಾಡಲಿ?

ನಾನು ಎರಡು ವರ್ಷದ ಎಂಬಿಎ ಓದಿ, ಏಳು ವರ್ಷ ಕನ್ಸಲ್ಟಿಂಗ್ ಮಾಡಿ, ಹೊರಬಂದವನು. ಆ ಕೆಲಸದ ಮೇಲೆ ನನಗೆ ಈಗಲೂ ಪ್ರೀತಿಯಿದೆ. ಅದಕ್ಕೇ, ಅದರ ಆಸೆಯಿಂದ ತಪ್ಪು ಕಾಲೇಜಿಗೆ ದುಡ್ಡು ಸುರಿದು ಹತ್ತು ವರ್ಷ ಕಂತು ಕಟ್ಟುವವರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೂವರಿಗೂ ಬೇರೆ ಬೇರೆ ಉತ್ತರ ಬರೆದೆ. ಆದರೆ ಉತ್ತರಕ್ಕೆ ಮೊದಲು ಮೂವರ ಕೈಗೂ ಒಂದೇ ಅಳತೆಗೋಲು ಕೊಟ್ಟೆ.

ಯಾವ ಕನ್ಸಲ್ಟಿಂಗ್?

ಈ ಒಂದು ಪದದ ಕೆಳಗೆ ಮೂರು ಕಸುಬುಗಳು ಅಡಗಿವೆ. ಮೊದಲನೆಯದು ಸ್ಟ್ರಾಟೆಜಿ ಕನ್ಸಲ್ಟಿಂಗ್. 1926ರಲ್ಲಿ ಶುರುವಾದ ಮೆಕಿನ್ಸೆ, 1963ರ ಬಿಸಿಜಿ, 1973ರ ಬೇನ್, ಇವು ಇಲ್ಲಿನ ದೊಡ್ಡ ಹೆಸರುಗಳು. ಸಿಮೆಂಟ್ ಕಂಪನಿಯೊಂದು ದಕ್ಷಿಣದಲ್ಲಿ ಹೊಸ ಕಾರ್ಖಾನೆ ತೆರೆಯಬೇಕೇ, ಬ್ಯಾಂಕೊಂದು ಚಿನ್ನದ ಸಾಲಕ್ಕೆ ಇಳಿಯಬೇಕೇ ಎಂಬಂಥ ಪ್ರಶ್ನೆಗಳನ್ನು ಮೂರು ನಾಲ್ಕು ಜನರ ತಂಡ ಕೆಲವೇ ತಿಂಗಳಲ್ಲಿ ಬಿಡಿಸಿಕೊಡಬೇಕು. ಎರಡನೆಯದು ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳ ಸಲಹಾ ವಿಭಾಗ. ತೆರಿಗೆ, ಅಪಾಯ ನಿರ್ವಹಣೆ, ಕಾರ್ಯವಿಧಾನಗಳ ಸುಧಾರಣೆ, ಸರ್ಕಾರಿ ಯೋಜನೆಗಳು ಇವರ ಕೆಲಸ. ಮೂರನೆಯದು ತಂತ್ರಜ್ಞಾನದ ಸಲಹೆ: ಆಕ್ಸೆಂಚರ್, ನಮ್ಮ ಐಟಿ ಕಂಪನಿಗಳ ಕನ್ಸಲ್ಟಿಂಗ್ ವಿಭಾಗಗಳು, ಸ್ಯಾಪ್‌ನಂಥ ವ್ಯವಹಾರ ನಿರ್ವಹಣೆಯ ತಂತ್ರಾಂಶ ಅಳವಡಿಸುವ ತಂಡಗಳು.

ಬೆಂಗಳೂರಿನ ಎಂಜಿನಿಯರ್‌ಗಳಲ್ಲಿ ಹೆಚ್ಚಿನವರು ನಿಂತಿರುವುದು ಮೂರನೆಯದರ ಹೊಸ್ತಿಲಲ್ಲಿ, ಕನಸು ಮಾತ್ರ ಮೊದಲನೆಯದರದು. ಮೂರನೆಯದಕ್ಕೆ ಎಂಬಿಎ ಬೇಕೇ ಬೇಕು ಎಂದಿಲ್ಲ. ಎರಡನೆಯದಕ್ಕೆ ಒಳ್ಳೆಯ ಎಂಬಿಎ ಆದೀತು, ಸಿಎ ಇನ್ನೂ ಚೆನ್ನಾಗಿ ಆದೀತು. ಮೊದಲನೆಯದರ ಬಾಗಿಲು ತೀರಾ ಕಿರಿದು. ಆ ಕಂಪನಿಗಳು ಎಂಬಿಎ ಪದವಿ ಇರುವವರನ್ನೆಲ್ಲ ಕರೆಯುವುದಿಲ್ಲ, ತಾವು ಹೋಗಬೇಕಾದ ಕ್ಯಾಂಪಸ್‌ಗಳನ್ನು ಮೊದಲೇ ಗೊತ್ತು ಮಾಡಿಕೊಂಡಿರುತ್ತವೆ. ಹಾಗಾಗಿ ನೀವು ಶುಲ್ಕ ಕಟ್ಟಿ ಕೊಳ್ಳುವುದು ಪಾಠವನ್ನಷ್ಟೇ ಅಲ್ಲ, ಆ ಕಂಪನಿ ಬಂದು ನಿಲ್ಲುವ ಬಾಗಿಲನ್ನು.

ಬಾಗಿಲು ನಿಜವಾಗಿ ಇದೆಯೇ ಎಂದು ತಿಳಿಯಲು ಕಾಲೇಜಿನ ಜಾಹೀರಾತು ನೋಡಬೇಡಿ, ಓದಿದವರಿಗೆ ಎಲ್ಲೆಲ್ಲಿ ಕೆಲಸ ಸಿಕ್ಕಿತು ಎಂದು ಹೇಳುವ ಪ್ಲೇಸ್‌ಮೆಂಟ್ ವರದಿ ತೆರೆಯಿರಿ. ಐಐಎಂ (ಭಾರತೀಯ ವ್ಯವಸ್ಥಾಪನಾ ಸಂಸ್ಥೆ) ಅಹಮದಾಬಾದಿನಂಥ ಸಂಸ್ಥೆಗಳು ಲೆಕ್ಕಪರಿಶೋಧನೆಗೆ ಒಳಪಟ್ಟ ವರದಿಗಳನ್ನು ಪ್ರಕಟಿಸುತ್ತವೆ. ಅಲ್ಲಿ ಸರಾಸರಿ ಸಂಬಳವನ್ನು ಬಿಟ್ಟು ಮಧ್ಯಮ ಸಂಬಳವನ್ನು ನೋಡಿ. ನೂರು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಸಿಕ್ಕಿದ್ದು ಅದು. ಸರಾಸರಿಯನ್ನು ನಾಲ್ಕೈದು ಜನರ ವಿದೇಶಿ ಸಂಬಳ ಎತ್ತಿಬಿಡುತ್ತದೆ. ಆಮೇಲೆ ಯಾವ ಕನ್ಸಲ್ಟಿಂಗ್ ಕಂಪನಿ ಎಷ್ಟು ಜನರನ್ನು ತೆಗೆದುಕೊಂಡಿತು ಎಂಬುದನ್ನು ಹುಡುಕಿ. ‘ನೇಮಕಾತಿಗೆ ಬಂದ ಕಂಪನಿಗಳು’ ಎಂಬ ಲಾಂಛನಗಳ ಪುಟಕ್ಕೆ ಯಾವ ಬೆಲೆಯೂ ಇಲ್ಲ. ಹತ್ತು ವರ್ಷದ ಹಿಂದೆ ಒಬ್ಬನನ್ನು ಕರೆದುಕೊಂಡು ಹೋದ ಕಂಪನಿಯ ಲಾಂಛನವೂ ಅಲ್ಲಿ ಉಳಿದುಬಿಡುತ್ತದೆ.

ಸಾಲದ ಲೆಕ್ಕ, ಎರಡನೆಯ ಕೆಲಸದ ಲೆಕ್ಕ

ಖರ್ಚೆಂದರೆ ಶುಲ್ಕ ಮಾತ್ರವಲ್ಲ. ಓದುವ ಅವಧಿಯಲ್ಲಿ ಕೈಬಿಟ್ಟ ಸಂಬಳವೂ ಖರ್ಚೇ. ದಾವಣಗೆರೆಯ ಹುಡುಗನಿಗೆ ತಿಂಗಳಿಗೆ ಕೈಗೆ ಬರುವುದು ಅರವತ್ತು ಸಾವಿರದೊಳಗೆ, ಎರಡು ವರ್ಷಕ್ಕೆ ಸುಮಾರು ಹದಿನಾಲ್ಕು ಲಕ್ಷ ಬಿಟ್ಟಂತೆ. ಮೈಸೂರಿನ ಹೆಣ್ಣುಮಗಳು ಒಂದೇ ವರ್ಷ ಬಿಟ್ಟರೂ ಇಪ್ಪತ್ತು ಲಕ್ಷ ದಾಟುತ್ತದೆ. ಕೋರ್ಸ್ ಚಿಕ್ಕದಾದ ಮಾತ್ರಕ್ಕೆ ಅಗ್ಗ ಎಂದು ತಿಳಿಯುವವರು ಇದನ್ನು ಮರೆಯುತ್ತಾರೆ.

ಇನ್ನು ಕಂತು. ಶೇ 9ರ ಬಡ್ಡಿಯಲ್ಲಿ 25 ಲಕ್ಷವನ್ನು ಹತ್ತು ವರ್ಷಕ್ಕೆ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 31,700 ರೂಪಾಯಿ. 40 ಲಕ್ಷಕ್ಕೆ 50,700. ವಿದೇಶದ ಓದಿಗೆಂದು 90 ಲಕ್ಷವನ್ನು ಶೇ 10ರಲ್ಲಿ ತೆಗೆದರೆ 1,19,000. ಓದುವ ಕಾಲದಲ್ಲಿ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ, ನಿಜ. ಆದರೆ ಆ ಅವಧಿಯ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಸಾಧ್ಯವಿದ್ದವರು ಬಡ್ಡಿಯನ್ನಾದರೂ ಆಗಾಗ ಕಟ್ಟಿಕೊಂಡು ಹೋಗುವುದು ಲೇಸು. ಆದಾಯ ತೆರಿಗೆಯಲ್ಲಿ ಓದಿನ ಸಾಲದ ಬಡ್ಡಿಗೆ ಎಂಟು ವರ್ಷದ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಅದು ಇಲ್ಲ.

ನಾನು ಎಲ್ಲರಿಗೂ ಹೇಳುವ ಮುಖ್ಯ ಮಾತು ಇಲ್ಲಿದೆ. ಕನ್ಸಲ್ಟಿಂಗ್ ಸಂಬಳವನ್ನು ಮುಂದಿಟ್ಟುಕೊಂಡು ಸಾಲದ ಲೆಕ್ಕ ಹಾಕಬೇಡಿ. ಅತ್ಯುತ್ತಮ ಕ್ಯಾಂಪಸ್‌ನಲ್ಲೂ ಕನ್ಸಲ್ಟಿಂಗ್ ಬೇಕೆನ್ನುವವರಲ್ಲಿ ಅನೇಕರಿಗೆ ಅದು ಸಿಗುವುದಿಲ್ಲ. ಆ ಕಾಲೇಜಿನಲ್ಲಿ ಕನ್ಸಲ್ಟಿಂಗ್ ತಪ್ಪಿದವನಿಗೆ ಸಾಮಾನ್ಯವಾಗಿ ಯಾವ ಕೆಲಸ ಸಿಗುತ್ತದೆ? ಅದೇ ನಿಮ್ಮ ಎರಡನೆಯ ಕೆಲಸ. ಆ ಕೆಲಸದಲ್ಲಿ ಕೈಗೆ ಬರುವ ಹಣದ ಮೂರನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾಗಬಾರದು. 25 ಲಕ್ಷದ ಸಾಲಕ್ಕೆ ವರ್ಷಕ್ಕೆ ಸುಮಾರು 14 ಲಕ್ಷದ ಎರಡನೆಯ ಕೆಲಸವಿದ್ದರೆ ಸಾಕು. 40 ಲಕ್ಷಕ್ಕೆ 22 ಲಕ್ಷದ ಸುತ್ತ ಬೇಕು. 90 ಲಕ್ಷಕ್ಕೆ, ಭಾರತದಲ್ಲೇ ದುಡಿದು ತೀರಿಸುವುದಾದರೆ, 60 ಲಕ್ಷದ ಕೆಲಸ ಬೇಕು. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಇಟ್ಟುಕೊಳ್ಳಿ.

ಕೊನೆಯ ಅಳತೆ ಮನೆಯದು. ಸೋಮವಾರ ನಸುಕಿನ ನಾಲ್ಕಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣದತ್ತ ಹೊರಟು, ಗುರುವಾರ ರಾತ್ರಿ ಹಿಂದಿರುಗುವ ಬದುಕನ್ನು ನಾನು ವರ್ಷಗಟ್ಟಲೆ ಬದುಕಿದ್ದೇನೆ. ಬಾಗಿಲ ಪಕ್ಕದಲ್ಲಿ ಸೂಟ್‌ಕೇಸ್ ಸದಾ ಅರ್ಧ ತುಂಬಿಯೇ ಇರುತ್ತಿತ್ತು. ಅಮ್ಮ ಅದನ್ನು ಅಟ್ಟದ ಮೇಲೆ ಇಡಬೇಡ ಎನ್ನುತ್ತಿದ್ದರು, ‘ಹೇಗೂ ನಾಳಿದ್ದು ಇಳಿಸುತ್ತೀಯಲ್ಲ’ ಎಂದು. ದೊಡ್ಡ ಕಂಪನಿಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಬಡ್ತಿ ಪಡೆಯಬೇಕು, ಇಲ್ಲವಾದರೆ ಹೊರಡಬೇಕು ಎಂಬ ರೂಢಿಯೂ ಇದೆ. ಇಡೀ ಜೀವಮಾನ ಇದೇ ಕೆಲಸ ಮಾಡುವವರು ವಿರಳ.

ಎರಡು ವರ್ಷದ ಐಐಎಂ ದಾರಿ

ಅಹಮದಾಬಾದ್ ಮತ್ತು ಕಲ್ಕತ್ತದ ಐಐಎಂಗಳು ಹುಟ್ಟಿದ್ದು 1961ರಲ್ಲಿ, ಬನ್ನೇರುಘಟ್ಟ ರಸ್ತೆಯ ನಮ್ಮ ಐಐಎಂ 1973ರಲ್ಲಿ. ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಐಐಎಂಗಳಿವೆ, ಆದರೆ ಸ್ಟ್ರಾಟೆಜಿ ಕಂಪನಿಗಳ ಮಟ್ಟಿಗೆ ಐಐಎಂ ಎಂಬ ಹಣೆಪಟ್ಟಿಯೊಂದೇ ಸಾಲದು. ಅವು ದೊಡ್ಡ ಸಂಖ್ಯೆಯಲ್ಲಿ ಹುದ್ದೆ ಕೊಡುವುದು ಈ ಮೂರು ಹಳೆಯ ಕ್ಯಾಂಪಸ್‌ಗಳಲ್ಲಿ. ಶುಲ್ಕ 25 ಲಕ್ಷದ ಆಚೀಚೆ. ಕಡಿಮೆ ಆದಾಯದ ಮನೆಯವರಿಗೆ ಶುಲ್ಕದಲ್ಲಿ ನೆರವು ಸಿಗುತ್ತದೆ, ಇಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳದೆಯೂ ಸಾಲ ಕೊಡುತ್ತವೆ. ಎರಡನೆಯ ಕೆಲಸದ ಪರೀಕ್ಷೆಯಲ್ಲಿ ಈ ಮೂರೂ ಕ್ಯಾಂಪಸ್‌ಗಳು ನಿರಾಯಾಸವಾಗಿ ಪಾಸಾಗುತ್ತವೆ. ಕನ್ಸಲ್ಟಿಂಗ್ ತಪ್ಪಿದರೂ ಬ್ಯಾಂಕ್, ಗ್ರಾಹಕ ಸರಕಿನ ಕಂಪನಿ, ತಂತ್ರಜ್ಞಾನ ಕಂಪನಿಗಳಲ್ಲಿ ಸಿಗುವ ಸಂಬಳ ಕಂತನ್ನು ತಾಳಿಕೊಳ್ಳುತ್ತದೆ.

ಕಷ್ಟವಿರುವುದು ಒಳಗೆ ಹೋಗುವುದರಲ್ಲಿ. ಕ್ಯಾಟ್ ಬರೆಯುವವರು ಸುಮಾರು ಮೂರು ಲಕ್ಷ. 99 ಪರ್ಸೆಂಟೈಲ್ ಎಂದರೂ ನಿಮ್ಮ ಜೊತೆ ಅಥವಾ ಮುಂದೆ ಮೂರು ಸಾವಿರ ಜನ. ಸಾಮಾನ್ಯ ವರ್ಗದ ಎಂಜಿನಿಯರ್ ಹುಡುಗನಿಗೆ ಅದಕ್ಕಿಂತಲೂ ಮೇಲೆ ಬೇಕಾಗುತ್ತದೆ. ಪರೀಕ್ಷೆಯೊಂದೇ ಅಲ್ಲ: ಐಐಎಂ ಬೆಂಗಳೂರು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಅಂಕಗಳನ್ನೂ ತೂಗುತ್ತದೆ. ಪಿಯುಸಿಯಲ್ಲಿ ಅರವತ್ತು ಬಂದವನು ಕ್ಯಾಟ್‌ನಲ್ಲಿ ಎಷ್ಟೇ ಮೇಲೇರಿದರೂ ಅಲ್ಲಿ ಹಿಂದೆ ಬೀಳುವ ಸಾಧ್ಯತೆಯಿದೆ. ನಿಮ್ಮ ಹಳೆಯ ಅಂಕಪಟ್ಟಿಗೆ ಯಾವ ಐಐಎಂನ ಸೂತ್ರ ಒಗ್ಗುತ್ತದೆ ಎಂದು ಅವರ ಪ್ರವೇಶ ನೀತಿಯನ್ನು ಓದಿಯೇ ಅರ್ಜಿ ಹಾಕಿ.

ನಮ್ಮ ರಾಜ್ಯದವರು ಎಡವುವ ಇನ್ನೊಂದು ಜಾಗ ಮೀಸಲಾತಿಯ ಪ್ರಮಾಣಪತ್ರ. ಐಐಎಂಗಳಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದಲ್ಲಿ 3ಎ ಅಥವಾ 3ಬಿ ಎಂದು ಬರೆಸಿಕೊಂಡಿದ್ದ ಮಾತ್ರಕ್ಕೆ ಆ ಪಟ್ಟಿಯಲ್ಲಿ ನಿಮ್ಮ ಜಾತಿ ಇರುತ್ತದೆ ಎಂದಲ್ಲ. ಇದ್ದರೂ ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರವನ್ನು ತಹಶೀಲ್ದಾರರಿಂದ ಬೇರೆಯಾಗಿಯೇ ಪಡೆಯಬೇಕು. ನಾಡಕಚೇರಿಯ ಈ ಓಡಾಟವನ್ನು ಕ್ಯಾಟ್ ಫಲಿತಾಂಶದ ತನಕ ಮುಂದೂಡಬೇಡಿ.

ಒಳಗೆ ಹೋದ ಮೇಲೆ ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಜೂನ್ ಹೊತ್ತಿಗೆ ತರಗತಿ ಶುರುವಾದರೆ, ಬೇಸಿಗೆಯ ಇಂಟರ್ನ್‌ಶಿಪ್‌ಗೆ ಆಯ್ಕೆ ನಡೆಯುವುದು ಅದೇ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ. ಕನ್ಸಲ್ಟಿಂಗ್ ಕಂಪನಿಗಳು ತಮ್ಮ ಬಹುಪಾಲು ಜನರನ್ನು ಆಗಲೇ ಗುರುತಿಸಿ, ಇಂಟರ್ನ್‌ಶಿಪ್ ಚೆನ್ನಾಗಿ ಮಾಡಿದವರಿಗೆ ಕೆಲಸದ ಪತ್ರ ಕೊಟ್ಟುಬಿಡುತ್ತವೆ. ಹೋಗಿ ನಾಲ್ಕೈದು ತಿಂಗಳಲ್ಲಿ ಬಯೋಡೇಟಾದಲ್ಲಿ ಹೊಸದೇನು ಸೇರಿಸಲು ಸಾಧ್ಯ? ಅವರು ನೋಡುವುದು ನೀವು ಸೇರುವುದಕ್ಕೆ ಮುಂಚೆ ಮಾಡಿದ್ದನ್ನು: ಅಂಕಗಳು, ಹಿಂದಿನ ಕೆಲಸದಲ್ಲಿ ತೋರಿಸಬಹುದಾದ ಫಲ, ಮುಂದೆ ನಿಂತು ನಡೆಸಿದ ಯಾವುದಾದರೂ ಕೆಲಸ.

ಕಡಿಮೆ ಹಣದಲ್ಲಿ ಇದೇ ದರ್ಜೆಯ ಬಾಗಿಲು ಬೇಕಾದವರು ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಅನ್ನು ಮರೆಯಬಾರದು. ಕ್ಯಾಟ್ ಅಂಕದ ಮೇಲೆಯೇ ಪ್ರವೇಶ, ಎರಡು ವರ್ಷಕ್ಕೆ ಶುಲ್ಕ ಎರಡೂವರೆ ಲಕ್ಷದ ಆಸುಪಾಸು. ಐಐಎಂ ಶುಲ್ಕದ ಹತ್ತನೇ ಒಂದು ಭಾಗ! ಹಾಸ್ಟೆಲ್ ಸಿಗುವುದು ಕಷ್ಟ, ಬಾಡಿಗೆ ಕೋಣೆಯ ಖರ್ಚು ಸೇರಿಸಿಕೊಳ್ಳಿ. ಆದರೂ ನಾನು ನೋಡಿದ ಎಲ್ಲ ಆಯ್ಕೆಗಳಲ್ಲಿ ಸಾಲದ ಭಯ ಇಷ್ಟು ಕಡಿಮೆ ಇರುವ ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

ಒಂದು ವರ್ಷದ ಕೋರ್ಸ್‌ಗಳು

ಹೈದರಾಬಾದಿನಲ್ಲಿ 2001ರಲ್ಲಿ ಆರಂಭವಾಗಿ ಮೊಹಾಲಿಗೂ ಹಬ್ಬಿದ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್), ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್, ಐಐಎಂ ಬೆಂಗಳೂರಿನ ಇಪಿಜಿಪಿ ಈ ಸಾಲಿನವು. ನಾಲ್ಕೈದು ವರ್ಷದ ಅನುಭವ ಇರುವವರಿಗೆ ಇವು ಹೇಳಿ ಮಾಡಿಸಿದಂತಿವೆ. ಐಎಸ್‌ಬಿಗೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಅಂಕ ಸಾಕು, ಆ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಕ್ಯಾಟ್‌ನಂತೆ ನವೆಂಬರ್‌ನ ಒಂದೇ ಭಾನುವಾರಕ್ಕೆ ಇಡೀ ವರ್ಷವನ್ನು ಪಣಕ್ಕಿಡಬೇಕಿಲ್ಲ. ಪ್ರಬಂಧ, ಶಿಫಾರಸು ಪತ್ರ, ಕೆಲಸದಲ್ಲಿನ ಸಾಧನೆಗೆ ಇಲ್ಲಿ ತೂಕ ಹೆಚ್ಚು, ಹಾಗಾಗಿ ಹದಿನಾರನೇ ವಯಸ್ಸಿನಲ್ಲಿ ಕಡಿಮೆ ಅಂಕ ತೆಗೆದವನಿಗೂ ಉಸಿರಾಡಲು ಜಾಗವಿದೆ. ಸ್ಟ್ರಾಟೆಜಿ ಕಂಪನಿಗಳು ಐಎಸ್‌ಬಿಯಿಂದ ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಳ್ಳುತ್ತವೆ.

ಬೆಲೆಯೂ ಹಾಗೆಯೇ ಇದೆ. ಐಎಸ್‌ಬಿಗೆ ವಸತಿ ಸೇರಿ 40 ಲಕ್ಷ ದಾಟುತ್ತದೆ. ಒಂದು ತರಗತಿಯಲ್ಲಿ ಎಂಟುನೂರಕ್ಕೂ ಹೆಚ್ಚು ಜನ, ಅವರಲ್ಲಿ ಕನ್ಸಲ್ಟಿಂಗ್ ಬಯಸುವವರ ಸಂಖ್ಯೆ ದೊಡ್ಡದು. ಇಂಟರ್ನ್‌ಶಿಪ್ ಇಲ್ಲ, ಅಂದರೆ ಕೆಲಸ ಮಾಡಿ ತೋರಿಸಿ ಮನಸ್ಸು ಗೆಲ್ಲುವ ಅವಕಾಶವಿಲ್ಲ. ಸಂದರ್ಶನದ ಒಂದೆರಡು ದಿನವೇ ಎಲ್ಲ. ಐಟಿ ಹಿನ್ನೆಲೆಯವರಿಗೆ ಇಲ್ಲಿ ಎರಡನೆಯ ಕೆಲಸವಾಗಿ ಹೆಚ್ಚಾಗಿ ಸಿಗುವುದು ತಂತ್ರಜ್ಞಾನ ಕಂಪನಿಗಳ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆ. ಈಗಾಗಲೇ 28 ಲಕ್ಷ ಪಡೆಯುತ್ತಿರುವವರು ನಿಂತು ಯೋಚಿಸಬೇಕಾದ್ದು ಇಲ್ಲಿಯೇ. ಆ ಎರಡನೆಯ ಕೆಲಸಕ್ಕೆ ನೀವು ಇದ್ದ ಕಂಪನಿಯಲ್ಲೇ ಎರಡು ವರ್ಷದಲ್ಲಿ ಹೋಗಬಹುದಿತ್ತಲ್ಲವೇ? ಹೌದು ಎಂದಾದರೆ, ಕನ್ಸಲ್ಟಿಂಗ್ ತಪ್ಪಿದ ದಿನ ಆ 60 ಲಕ್ಷ (ಶುಲ್ಕವೂ ಬಿಟ್ಟ ಸಂಬಳವೂ ಸೇರಿ) ನೀರಿನಲ್ಲಿ ಹೋಮ ಮಾಡಿದಂತೆ.

ಸಾಲ ತೆಗೆಯುವ ಮುನ್ನ ಒಂದು ಇಡ್ಲಿಯ ಲೆಕ್ಕ

ಯಾವ ಕಾಲೇಜಾದರೂ ಕೊನೆಗೆ ದಾಟಬೇಕಾದ್ದು ಕೇಸ್ ಸಂದರ್ಶನ, ಅಂದರೆ ವ್ಯಾಪಾರದ ಸಮಸ್ಯೆಯೊಂದನ್ನು ಮುಂದಿಟ್ಟು ಅಲ್ಲೇ ಬಿಡಿಸಲು ಹೇಳುವ ಸಂದರ್ಶನ. ಆ ಕೆಲಸ ನಿಮಗೆ ಇಷ್ಟವೇ ಎಂದು ತಿಳಿಯಲು ಶುಲ್ಕ ಕಟ್ಟಬೇಕಿಲ್ಲ. ಕಳೆದ ವರ್ಷ ಶಿರಸಿ ಕಡೆಯ ಹುಡುಗನೊಬ್ಬ ಅಭ್ಯಾಸಕ್ಕೆ ಬಂದಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದೊಡನೆ ಅವನ ಕೈ ತಣ್ಣಗಾಗುತ್ತಿತ್ತು. ‘ಮೊದಲು ಕನ್ನಡದಲ್ಲಿ ಬಿಡಿಸು’ ಎಂದೆ. ಜಯನಗರದ ದರ್ಶಿನಿಯೊಂದರ ಹೊರಗೆ ನಿಂತು ಕೇಳಿದ ಪ್ರಶ್ನೆ: ಇಲ್ಲಿ ಬೆಳಿಗ್ಗೆ ಎಷ್ಟು ಇಡ್ಲಿ ಖರ್ಚಾಗುತ್ತದೆ?

ಅವನು ಟೋಕನ್ ಕೊಡುವ ಕೌಂಟರನ್ನು ಸ್ವಲ್ಪ ಹೊತ್ತು ನೋಡಿದ. ‘ಏಳರಿಂದ ಹನ್ನೊಂದು, 240 ನಿಮಿಷ. ಜಂಗುಳಿ ಇದ್ದಾಗ ನಿಮಿಷಕ್ಕೆ ಮೂರು ಬಿಲ್, ಇಲ್ಲದಾಗ ಒಂದು, ಸರಾಸರಿ ಎರಡು. ಒಟ್ಟು 480 ಬಿಲ್. ಬಿಲ್ಲಿಗೆ ಒಂದೂವರೆ ಜನ, 720 ಮಂದಿ. ಹತ್ತರಲ್ಲಿ ನಾಲ್ವರು ಇಡ್ಲಿ ತೆಗೆದುಕೊಳ್ಳುತ್ತಾರೆ, ಸುಮಾರು 290 ತಟ್ಟೆ. ತಟ್ಟೆಗೆ ಎರಡು. 580 ಇಡ್ಲಿ.’ ಸರಿ ಎಂದೆ. ಜನ ಅಷ್ಟೇ ಇದ್ದಾರೆ, ಬೆಲೆ ಇಳಿಸಿಲ್ಲ, ಆದರೂ ಲಾಭ ಐದನೇ ಒಂದು ಭಾಗ ಇಳಿದಿದೆ, ಏಕೆ? ಅವನು ಬಾಡಿಗೆ, ಗ್ಯಾಸ್, ಉದ್ದಿನ ಬೇಳೆ ಎಂದು ಒಂದೊಂದಾಗಿ ಕೇಳಿದ. ಯಾವುದೂ ಏರಿಲ್ಲ ಎಂದೆ. ಅಷ್ಟರಲ್ಲಿ ಹೆಲ್ಮೆಟ್ ಹಾಕಿದ ಇಬ್ಬರು ಚೀಲ ಹಿಡಿದು ಅಡುಗೆಮನೆಯ ಪಕ್ಕದ ಕಿಟಕಿಗೆ ಬಂದರು. ಅವನ ಕಣ್ಣು ಅಲ್ಲಿಗೆ ಹೋಯಿತು. ‘ತಿನ್ನುವವರು ಅಷ್ಟೇ, ಆದರೆ ಆ್ಯಪ್‌ನಿಂದ ತರಿಸಿಕೊಳ್ಳುವವರು ಹೆಚ್ಚಾಗಿದ್ದಾರೆಯೇ? ಹಾಗಿದ್ದರೆ ಪ್ರತಿ ತಟ್ಟೆಯಲ್ಲೂ ಕಮಿಷನ್ ಹೋಗುತ್ತಿದೆ.’ ಅದೇ ಉತ್ತರ.

ಅದೇ ಕೇಸನ್ನು ಮಾರನೆಯ ದಿನ ಅವನು ಇಂಗ್ಲಿಷಿನಲ್ಲಿ ಹೇಳಿದ. ವ್ಯಾಕರಣ ಎರಡು ಕಡೆ ಮುಗ್ಗರಿಸಿತು, ಯೋಚನೆ ಎಲ್ಲಿಯೂ ಮುಗ್ಗರಿಸಲಿಲ್ಲ. ಸಂದರ್ಶಕರು ಹುಡುಕುವುದು ಅದನ್ನೇ. ಕನ್ನಡ ಮಾಧ್ಯಮದವರು ಉಚ್ಚಾರಣೆಯ ಅಳುಕಿನಿಂದ ಅರ್ಜಿಯನ್ನೇ ಹಾಕದಿರುವುದನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಒಂದು ತಿಂಗಳು, ವಾರಕ್ಕೆ ನಾಲ್ಕರಂತೆ ಇಂಥ ಲೆಕ್ಕ ಬಿಡಿಸಿ ನೋಡಿ. ಐದನೆಯದಕ್ಕೇ ಬೇಸರವಾದರೆ ಈ ಕೆಲಸವೂ ಬೇಸರ ತರಿಸುತ್ತದೆ.

ವಿದೇಶ

ಫ್ರಾನ್ಸಿನ ಫಾಂಟೆನ್‌ಬ್ಲೋ ಮತ್ತು ಸಿಂಗಪುರದಲ್ಲಿ ನಡೆಯುವ ಇನ್ಸಿಯಾಡ್‌ನ ಹತ್ತು ತಿಂಗಳ ಎಂಬಿಎ ಕನ್ಸಲ್ಟಿಂಗ್‌ಗೆ ಹೆಸರುವಾಸಿ. ಬೋಧನಾ ಶುಲ್ಕವೇ ಒಂದು ಲಕ್ಷ ಯೂರೋ ಆಸುಪಾಸು. ಅರ್ಜಿ ಹಾಕುವವರು ಜನವರಿಯ ತಂಡವನ್ನು ಆರಿಸಿಕೊಂಡರೆ ನಡುವೆ ಬೇಸಿಗೆ ರಜೆ ಸಿಗುತ್ತದೆ, ಇಂಟರ್ನ್‌ಶಿಪ್ ಮಾಡಬಹುದು. ವರ್ಷದ ಉತ್ತರಾರ್ಧದಲ್ಲಿ ಸೇರುವ ತಂಡಕ್ಕೆ ಅದಿಲ್ಲ. ಕೆಲಸ ಬದಲಿಸಲೆಂದೇ ಹೋಗುವವರಿಗೆ ಈ ವ್ಯತ್ಯಾಸ ದೊಡ್ಡದು.

ಅಮೆರಿಕದ ಹೆಸರಾಂತ ಕಾಲೇಜುಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 75,000 ಡಾಲರ್ ಮೀರುತ್ತದೆ, ಅದೂ ಎರಡು ವರ್ಷ. ವಿದ್ಯಾರ್ಥಿವೇತನ ಸಿಗದಿದ್ದರೆ ಮೇಲೆ ಹೇಳಿದ 90 ಲಕ್ಷವೂ ಸಾಲದು. ಓದಿದ ಮೇಲೆ ಒಂದು ವರ್ಷ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವರ್ಗದ ಕೋರ್ಸ್ ಆದರೆ ಇನ್ನೂ ಎರಡು ವರ್ಷ ಕೆಲಸ ಮಾಡಲು ಅವಕಾಶವಿದೆ. ಆಮೇಲೆ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಲಾಟರಿ. ಅಲ್ಲಿಯ ಮಾರುಕಟ್ಟೆಯೂ ಮೊದಲಿನಂತಿಲ್ಲ. 2024ರಲ್ಲಿ ಹಾರ್ವರ್ಡ್‌ನಿಂದ ಹೊರಬಂದು ಕೆಲಸ ಹುಡುಕುತ್ತಿದ್ದ ಎಂಬಿಎಗಳಲ್ಲಿ ಶೇ 23ರಷ್ಟು ಮಂದಿಗೆ ಮೂರು ತಿಂಗಳ ನಂತರವೂ ಕೆಲಸ ಸಿಕ್ಕಿರಲಿಲ್ಲ. ಹಾರ್ವರ್ಡ್‌ನ ಕಥೆಯೇ ಹೀಗಾದರೆ ಐವತ್ತನೆಯ ಸ್ಥಾನದ ಕಾಲೇಜಿಗೆ ಸಾಲ ಮಾಡಿ ಹೋಗುವವರು ಎರಡನೆಯ ಕೆಲಸದ ಲೆಕ್ಕವನ್ನು ಎರಡು ಸಲ ಹಾಕಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆಯಂಥ ನೆರವು ಇದೆ. ಅಂಥ ನೆರವು ಅಥವಾ ದೊಡ್ಡ ವಿದ್ಯಾರ್ಥಿವೇತನ ಕೈಗೆ ಬಂದರೆ ಇಡೀ ಲೆಕ್ಕ ಬದಲಾಗುತ್ತದೆ, ಆಗ ಹೋಗಿ ಎಂದೇ ಹೇಳುತ್ತೇನೆ. ಮನೆ ಅಡವಿಟ್ಟು, ಭಾರತಕ್ಕೇ ಹಿಂದಿರುಗುವ ಯೋಚನೆಯಲ್ಲಿ ಹೋಗುವುದಾದರೆ ಬೇಡ.

ನಮ್ಮ ರಾಜ್ಯದ ಎಂಬಿಎ

ಮಾನಸಗಂಗೋತ್ರಿಯ ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆಗಳಂಥ ವಿಶ್ವವಿದ್ಯಾಲಯದ ವಿಭಾಗಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕ ಸರ್ಕಾರಿ ಸೀಟು ಸಿಗುತ್ತದೆ, ಶುಲ್ಕ ಸಾಮಾನ್ಯ ಮನೆಗೂ ಎಟಕುವಂಥದ್ದು. ಇಲ್ಲಿಂದ ನೇರವಾಗಿ ಮೆಕಿನ್ಸೆಗೆ ಹೋಗುತ್ತೇನೆ ಎಂದು ಸೇರಿದರೆ ನಿರಾಸೆ ಖಚಿತ. ಆದರೆ ಬ್ಯಾಂಕ್, ಹಣಕಾಸು ಸಂಸ್ಥೆ, ಬೆಂಗಳೂರಿನಲ್ಲಿರುವ ವಿದೇಶಿ ಕಂಪನಿಗಳ ಕಚೇರಿಗಳಿಗೆ ಹೋಗಿ, ಮೂರು ನಾಲ್ಕು ವರ್ಷದಲ್ಲಿ ಒಂದು ವಿಷಯದಲ್ಲಿ ಕೈ ಪಳಗಿಸಿಕೊಂಡು, ನಾಲ್ಕು ದೊಡ್ಡ ಸಂಸ್ಥೆಗಳ ಸಲಹಾ ವಿಭಾಗಕ್ಕೆ ದಾಟಬಹುದು. ಅದು ನಿಧಾನದ ದಾರಿ, ಸಾಲವಿಲ್ಲದ ದಾರಿ.

ನನಗೆ ಸಿಟ್ಟು ಬರಿಸುವುದು ನಡುವಿನ ಕಾಲೇಜುಗಳು: ಐಐಎಂನ ಅರ್ಧದಷ್ಟು ಶುಲ್ಕ ಕೇಳುತ್ತವೆ, ಬಾಗಿಲು ಮಾತ್ರ ಸರ್ಕಾರಿ ಕಾಲೇಜಿನಷ್ಟೇ. ಹನ್ನೆರಡು ಲಕ್ಷ ಕಟ್ಟಿ, ಆರು ಲಕ್ಷದ ಸಂಬಳಕ್ಕೆ ಇನ್ಶೂರೆನ್ಸ್ ಮಾರುವ ಕೆಲಸಕ್ಕೆ ಸೇರಿದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ.

ಎಂಬಿಎ ಇಲ್ಲದೆ

ಸಿಎ ಮುಗಿಸಿದವರು, ಆಸ್ಪತ್ರೆ, ವಿದ್ಯುತ್, ಕೃಷಿ, ಸರಕು ಸಾಗಣೆಯಂಥ ಯಾವುದಾದರೂ ಒಂದು ರಂಗವನ್ನು ಒಳಹೊಕ್ಕು ಬಲ್ಲವರು ನೇರವಾಗಿಯೇ ಕನ್ಸಲ್ಟಿಂಗ್ ಕಂಪನಿಗಳಿಗೆ ಹೋಗುತ್ತಾರೆ. ಸರ್ಕಾರದ ಯೋಜನೆಗಳಿಗೆ ಸಲಹೆ ಕೊಡುವ ತಂಡಗಳಲ್ಲಿ ಕನ್ನಡ ಬಲ್ಲವರಿಗೆ ನಿಜವಾದ ಬೆಲೆಯಿದೆ. ಇಲಾಖೆಯ ಕಡತದ ಟಿಪ್ಪಣಿ ಓದಿ ಅರ್ಥ ಮಾಡಿಕೊಂಡು, ತಾಲ್ಲೂಕು ಕಚೇರಿಯಲ್ಲಿ ಕುಳಿತು ಮಾತನಾಡಬಲ್ಲವನ ಕೆಲಸವನ್ನು ಹೊರಗಿನಿಂದ ಬಂದ ಯಾವ ಎಂಬಿಎಯೂ ಮಾಡಲಾರ. ಐಐಎಂ ಬೆಂಗಳೂರಿನ ವಾರಾಂತ್ಯದ ಪಿಜಿಪಿಇಎಂ ಕೋರ್ಸ್ ಕೆಲಸ ಬಿಡದೆ ಓದುವವರಿಗೆ ಒಳ್ಳೆಯದೇ, ಆದರೆ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ನಡೆಯುವ ನೇಮಕಾತಿ ವಾರ ಅವರ ಪಾಲಿಗಿಲ್ಲ. ಇದ್ದ ಕಂಪನಿಯಲ್ಲಿ ಮೇಲೇರಲು ಅದು ಸರಿ, ಕಸುಬು ಬದಲಿಸಲು ಅಷ್ಟಾಗಿ ಒದಗುವುದಿಲ್ಲ.

ಮೂವರಿಗೆ ಬರೆದದ್ದು

ದಾವಣಗೆರೆಯ ಹುಡುಗನಿಗೆ: ನಿನ್ನ ಹತ್ತನೆಯ ತರಗತಿ ಮತ್ತು ಪಿಯುಸಿ ಅಂಕಗಳು ತೊಂಬತ್ತರ ಮೇಲಿವೆ, ಬಿಡಬೇಕಾದ ಸಂಬಳ ಕಡಿಮೆ. ಈ ವರ್ಷ ಮತ್ತು ಮುಂದಿನ ವರ್ಷ ಕ್ಯಾಟ್ ಬರೆ. ಮೂರು ಹಳೆಯ ಐಐಎಂ, ಎಫ್‌ಎಂಎಸ್ ಬಿಟ್ಟು ಬೇರೆಡೆಗೆ ಸೇರುವ ಮುನ್ನ ಅಲ್ಲಿಯ ವರದಿಯಲ್ಲಿ ಕನ್ಸಲ್ಟಿಂಗ್ ಹುದ್ದೆಗಳನ್ನು ಎಣಿಸಿ ನೋಡು. ಎರಡೂ ಸಲ ಆಗದಿದ್ದರೆ ಇಪ್ಪತ್ತೇಳಕ್ಕೆ ಜಿಮ್ಯಾಟ್, ಐಎಸ್‌ಬಿ ದಾರಿ ತೆರೆದೇ ಇರುತ್ತದೆ.

ಹುಬ್ಬಳ್ಳಿಯವನಿಗೆ: ಈಗಲೇ ಎಂಬಿಎ ಬೇಡ. ಸಿಎ ಓದುವ ಮನಸ್ಸಿದ್ದರೆ ಅದು ನಿನ್ನ ಮನೆಯ ಕೈಗೆ ಎಟಕುವ, ಕನ್ಸಲ್ಟಿಂಗ್‌ವರೆಗೂ ಹೋಗುವ ದಾರಿ. ಇಲ್ಲವಾದರೆ ಎರಡು ವರ್ಷ ಎಲ್ಲಾದರೂ ಕೆಲಸ ಮಾಡಿ ಕ್ಯಾಟ್ ಬರೆ. ಅಪ್ಪನ ಅಂಗಡಿಯ ಐದು ವರ್ಷದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ, ಯಾವ ಬಟ್ಟೆ ಯಾವ ತಿಂಗಳು ಎಷ್ಟು ದಿನ ಗೂಡಿನಲ್ಲಿ ಕುಳಿತಿತ್ತು ಎಂದು ಹುಡುಕು. ಅದು ನಿನ್ನ ಮೊದಲ ಕೇಸ್, ಬಯೋಡೇಟಾದ ಮೊದಲ ಸಾಲು ಕೂಡ.

ಮೈಸೂರಿನ ಹೆಣ್ಣುಮಗಳಿಗೆ ಉತ್ತರ ಬರೆಯಲು ಒಂದು ವಾರ ಹಿಡಿಯಿತು. ಐಎಸ್‌ಬಿಗೆ ನೀವು ಸಲ್ಲುವ ಅಭ್ಯರ್ಥಿ, ಅನುಮಾನವಿಲ್ಲ. ಆದರೆ ಅರ್ಜಿಗೆ ಮುಂಚೆ ಎರಡು ಕೆಲಸ ಮಾಡಿ ಎಂದು ಬರೆದೆ. ಒಂದು, ನಿಮ್ಮ ರಂಗದಲ್ಲೇ ಕನ್ಸಲ್ಟಿಂಗ್ ಮಾಡುವ ಕಂಪನಿಗಳಿಗೆ ಅನುಭವದ ಮೇಲೆ ನೇರವಾಗಿ ಅರ್ಜಿ ಹಾಕಿ ನೋಡಿ, ಆರು ವರ್ಷದ ಕೆಲಸಕ್ಕೆ ಅಲ್ಲಿ ಬೆಲೆಯಿದೆ. ಎರಡು, ಸೋಮವಾರದಿಂದ ಗುರುವಾರದವರೆಗೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಗಂಡ, ಅತ್ತೆ, ಅಮ್ಮ ಎಲ್ಲರೂ ಒಟ್ಟಿಗೆ ಕುಳಿತಾಗ ಕೇಳಿ. ಅವರು ಮರುದಿನವೇ ಬರೆದರು. ಅತ್ತೆಯವರು ಮೊದಲು ಕೇಳಿದ್ದು ಮಗುವಿನ ವಿಷಯವನ್ನಲ್ಲವಂತೆ. ‘ಆ 60 ಲಕ್ಷದ ಲೆಕ್ಕವನ್ನು ನನಗೂ ಒಂದು ಸಲ ತೋರಿಸಮ್ಮ’ ಎಂದರಂತೆ. ಇಬ್ಬರೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕುಳಿತಿದ್ದಾರೆ, ನೇರ ಅರ್ಜಿಗಳು ನಾಲ್ಕು ಕಡೆಗೆ ಹೋಗಿವೆ.